ಟಯೋಗಾ ಪಾಸ್ ದಾರಿಯಲ್ಲಿ ಎಂಜಿನ್ ಮಿಸ್ಸಿಂಗ್: ಹಳೇ ಮಿಯಾಟಾದಲ್ಲಿ ಹೋಗುವವರಿಗೆ

ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಿಂದ ಟಯೋಗಾ ಪಾಸ್ ಅನ್ನುವ ಘಾಟಿ ಹತ್ತಿ 395 ಹೆದ್ದಾರಿಗೆ ಇಳಿಯುವ ದಾರಿಯಲ್ಲಿ ಏನೇನು ನೋಡಬಹುದು ಅಂತ ಎಲ್ಲಿ ಬೇಕಾದರೂ ಸಿಗುತ್ತದೆ. ನಾನು ಬರೆಯುತ್ತಿರುವುದು ಹಳೇ ಸ್ಪೋರ್ಟ್ಸ್ ಕಾರಿನಲ್ಲಿ ಆ ದಾರಿ ಹಿಡಿಯುವವರಿಗೆ. ನಮ್ಮದು 1991ರ ಮಾಜ್ದಾ ಮಿಯಾಟಾ, 1.6 ಲೀಟರ್ ಎಂಜಿನ್. ದಾರಿಯಲ್ಲಿ ಮಿಸ್ಸಿಂಗ್ ಶುರುವಾಯಿತು, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಆಗಾಗ ಹೊತ್ತಿಕೊಳ್ಳದೆ ಎಂಜಿನ್ ತಡವರಿಸುವುದು. ಒಂದು ಗ್ಯಾರೇಜಿನವರು ಸಾವಿರ ಡಾಲರಿಗೂ ಜಾಸ್ತಿ ಕೇಳಿದರು. ಸರಿಹೋಗಿದ್ದು ಪೆಟ್ರೋಲಿಗೆ ಕಿಡಿ ಹಚ್ಚುವ ನಾಲ್ಕು ಸ್ಪಾರ್ಕ್ ಪ್ಲಗ್ ಮತ್ತು ಅವಕ್ಕೆ ವಿದ್ಯುತ್ತು ಒಯ್ಯುವ ಒಂದು ಸೆಟ್ ವೈರಿನಲ್ಲಿ.

ಓಕ್‌ಡೇಲ್ ದಾಟಿದ ಮೇಲೆ ಹೈವೇ 120ರಲ್ಲಿ ಪ್ರೀಸ್ಟ್ ಗ್ರೇಡ್ ಏರು ಸಿಗುತ್ತದೆ. ಅಲ್ಲಿ ಎರಡು ರಸ್ತೆ. ಹಳೆಯದು ಸುಮಾರು 3 ಕಿ.ಮೀ. ಒಳಗೆ 450 ಮೀಟರಿನಷ್ಟು ಏರುತ್ತದೆ. ಹೊಸದು ಸುತ್ತು ಹಾಕುತ್ತಾ ನಿಧಾನಕ್ಕೆ ಹತ್ತುತ್ತದೆ. ಹಳೇ ಕಾರಾದರೆ ಹೊಸದರಲ್ಲೇ ಹೋಗಿ. ನಮಗೆ ಆ ರಸ್ತೆಯಲ್ಲೂ ಕಷ್ಟವಾಯಿತು. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಕಾರು ಜರ್ಕ್ ಹೊಡೆಯುತ್ತಿತ್ತು. ಕಾಲು ಸ್ವಲ್ಪ ಎತ್ತಿದರೆ ಮತ್ತೆ ಸರಿ.

ಗ್ರೋವ್‌ಲ್ಯಾಂಡಿನಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದೆ. ಎಂಜಿನ್ ಐಡಲ್‌ನಲ್ಲಿದ್ದಾಗ (ಕಾರು ನಿಂತಿದ್ದು ಎಂಜಿನ್ ಮಾತ್ರ ಮೆಲ್ಲಗೆ ಓಡುತ್ತಿರುವಾಗ) ಸಿಲಿಂಡರುಗಳಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳ ಕನೆಕ್ಟರುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಯಾವುದನ್ನು ತೆಗೆದರೂ ಎಂಜಿನ್ ಒಂದೇ ರೀತಿ ಕುಗ್ಗಿತು. ಅಂದರೆ ಐಡಲ್‌ನಲ್ಲಿ ನಾಲ್ಕೂ ಸಿಲಿಂಡರ್ ಕೆಲಸ ಮಾಡುತ್ತಿವೆ. ಈ ಪರೀಕ್ಷೆಯನ್ನು ಪ್ಲಗ್ ವೈರ್ ಎಳೆದು ಮಾಡಬೇಡಿ. ಶಾಕ್ ಹೊಡೆಯುತ್ತದೆ, ಕಿಡಿಗೆ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ಗೂ ಪೆಟ್ಟು. ಎಲ್ಲಾದರೂ ಹೊರಗಿನ ಗಾಳಿ ಲೀಕ್ ಆಗಿ ಎಂಜಿನ್ನಿಗೆ ಸೇರುತ್ತಿದ್ದರೆ ಅದು ಐಡಲ್‌ನಲ್ಲೇ ಜಾಸ್ತಿ ಕಾಡುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಕಡಿಮೆಯಾಗುತ್ತದೆ. ನಮ್ಮದು ಅದಕ್ಕೆ ಪೂರ್ತಿ ಉಲ್ಟಾ.

ವಾಪಸ್ ಹೋಗೋಣವಾ ಅಂತ ಯೋಚಿಸಿ, ಹಗುರವಾಗಿ ಓಡಿಸುತ್ತಾ ಮುಂದೆ ಹೋದೆವು. ಟೆನಾಯಾ ಕೆರೆಯ ಹತ್ತಿರ ಕಾರು ನಿಲ್ಲಿಸಲು ಜಾಗವಿಲ್ಲ, ಅಷ್ಟು ಜನ. ನನಗೆ ಗುಂಪು ಆಗುವುದಿಲ್ಲ. ಇಳಿಯದೇ ಹೋದೆವು. ಟಯೋಗಾ ಪಾಸ್ 3,031 ಮೀಟರ್ ಎತ್ತರದಲ್ಲಿದೆ. ಅದು ಹತ್ತಿರವಾದಾಗ ನನ್ನ ಹೆಂಡತಿ, "ರೀ, ಮೇಲೆ ಬಂದ ಮೇಲೆ ಜರ್ಕ್ ಇಲ್ವೇ ಇಲ್ಲ, ಗಮನಿಸಿದ್ರಾ?" ಅಂದಳು. ಕಾಲು ಪೂರ್ತಿ ಒತ್ತಿ ನೋಡಿದೆ. ನಿಜ, ಒಂದು ಜರ್ಕೂ ಇಲ್ಲ. ಪಿಕಪ್ ಕಡಿಮೆ, ಆದರೆ ಎಂಜಿನ್ ನುಣ್ಣಗೆ ಓಡುತ್ತಿತ್ತು.

ಎತ್ತರಕ್ಕೆ ಹೋದರೆ ಹಳೇ ಕಾರಿನ ಕಷ್ಟ ಜಾಸ್ತಿಯಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ ಅಲ್ವಾ? ಸ್ಪಾರ್ಕಿನ ವಿಷಯದಲ್ಲಿ ಹಾಗಲ್ಲ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು ಶೇ. 30ರಷ್ಟು ಕಡಿಮೆ. ಸಿಲಿಂಡರಿನೊಳಗೆ ಹೋಗುವ ಗಾಳಿಯೂ ಅಷ್ಟೇ ಕಡಿಮೆ. ಪ್ಲಗ್ಗಿನ ತುದಿಯಲ್ಲಿ ಒತ್ತಡ ಕಡಿಮೆ ಇದ್ದರೆ ಕಿಡಿ ಹಾರಲು ಕಡಿಮೆ ವೋಲ್ಟೇಜ್ ಸಾಕು. ಸೋತ ವೈರೂ ಅಷ್ಟನ್ನು ತಡೆದುಕೊಳ್ಳುತ್ತದೆ. ಕೆಳಗಿನ ಊರುಗಳಲ್ಲಿ, ಮೇಲಿನ ಗೇರಿನಲ್ಲಿ, ಕಾಲು ಪೂರ್ತಿ ಒತ್ತಿದಾಗ ಒಳಗಿನ ಒತ್ತಡ ಏರುತ್ತದೆ. ಆಗ ವಿದ್ಯುತ್ತು ಪ್ಲಗ್ ಬಿಟ್ಟು, ವೈರಿನ ಬಿರುಕಿನಿಂದ ಎಂಜಿನ್ನಿನ ಲೋಹಕ್ಕೆ ಹಾರುತ್ತದೆ. ನನ್ನ ಅನುಮಾನ ಅಲ್ಲಿಗೇ ವೈರುಗಳ ಮೇಲೆ ಬಿತ್ತು.

ಪಾಸ್ ಇಳಿದ ಮೇಲೆ ಸಿಗುವ ಊರು ಲೀ ವೈನಿಂಗಿನಲ್ಲಿ ಪೆಟ್ರೋಲ್ ವಿಪರೀತ ದುಬಾರಿ. ಓಕ್‌ಡೇಲಿನಲ್ಲೇ ತುಂಬಿಸಿಕೊಳ್ಳಿ. ಮೋನೋ ಕೆರೆಗೆ ಬೆಳಿಗ್ಗೆ ಬೇಗ ಹೋಗಿ, ಜನ ಇರುವುದಿಲ್ಲ.

395ರಲ್ಲಿ ಬಿಷಪ್ ಊರಿನ ಕಡೆಗೆ ಇಳಿದು ಹೋಗುವಾಗ ತೊಂದರೆ ಕಾಣಲಿಲ್ಲ. ಇಳಿಜಾರಿನಲ್ಲಿ ಎಂಜಿನ್ನಿಗೆ ಭಾರವೇ ಇಲ್ಲವಲ್ಲ. ವಾಪಸ್ ಬರುವಾಗ ಶೆರ್ವಿನ್ ಗ್ರೇಡ್ ಹತ್ತಲೇಬೇಕು, ಸುಮಾರು 900 ಮೀಟರ್ ಏರು. ಅದಕ್ಕೇ ಅಲ್ಲಿಂದ ಹೊರಡುವ ಮೊದಲು ಒಂದು ಗ್ಯಾರೇಜಿಗೆ ಹೋದೆವು. ಅಲ್ಲಿನವರು ಸ್ಕ್ಯಾನರ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ಪೋರ್ಟ್ ಹುಡುಕಿದರು. ಅಮೆರಿಕದ ಕಾರುಗಳಿಗೆಲ್ಲ ಒಬಿಡಿ-2, ಅಂದರೆ ಸ್ಕ್ಯಾನರ್ ಚುಚ್ಚಿ ದೋಷ ಓದುವ ವ್ಯವಸ್ಥೆ, ಕಡ್ಡಾಯವಾಗಿದ್ದು 1996ರಲ್ಲಿ. ನಮ್ಮದರಲ್ಲಿ ಅದು ಎಲ್ಲಿಂದ ಬರಬೇಕು? ಈ ಕಾರಿನ ಡಯಾಗ್ನಾಸಿಸ್ ಬಾಕ್ಸ್ ಬಾನೆಟ್ ಒಳಗಿದೆ. ಅದರ ಟಿಇಎನ್ ಮತ್ತು ಜಿಎನ್‌ಡಿ ಅಂತ ಬರೆದ ತೂತುಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ ಕೀ ಆನ್ ಮಾಡಿದರೆ, ಚೆಕ್ ಎಂಜಿನ್ ದೀಪ ಮಿನುಗಿ ಕೋಡ್ ಹೇಳುತ್ತದೆ. ಆದರೆ ಆ ಕಾಲದ ಕಾರಿನ ಕಂಪ್ಯೂಟರ್ ಮಿಸ್ಸಿಂಗನ್ನು ಲೆಕ್ಕ ಇಡುವುದೇ ಇಲ್ಲ. ನಮಗೆ ಯಾವ ಕೋಡೂ ಬರಲಿಲ್ಲ. ಅವರು ಪ್ಲಗ್ ಕೂಡ ಬಿಚ್ಚಿ ನೋಡದೆ ಫ್ಯೂಯಲ್ ಪಂಪು, ಇಂಜೆಕ್ಟರು ಎಲ್ಲ ಬದಲಿಸಬೇಕು ಅಂದರು. ಪರೀಕ್ಷಿಸದೆ ಪಾರ್ಟು ಬದಲಿಸುವ ಮಾತಾಡಿದರೆ ಕೀ ವಾಪಸ್ ಇಸ್ಕೊಂಡು ಹೊರಟುಬಿಡಿ. ಪೆಟ್ರೋಲ್ ಸಾಲದಿದ್ದರೆ ಶಕ್ತಿ ಸಾಮಾನ್ಯವಾಗಿ ಮೆಲ್ಲಗೆ ಸೋರಿಹೋಗುತ್ತದೆ. ಕಾಲು ಒತ್ತಿದ ಕೂಡಲೇ ಹೀಗೆ ಜರ್ಕ್ ಹೊಡೆದರೆ ಮೊದಲು ನೋಡಬೇಕಾದ್ದು ಸ್ಪಾರ್ಕನ್ನು.

ಆ ರಾತ್ರಿಗೆ ಸಿಕ್ಕ ಮೋಟೆಲ್ ರೂಮಿಗೆ ಕೇಳಿದ ದುಡ್ಡು ಅನ್ಯಾಯ. ಹಾಸಿಗೆ ತಗ್ಗು, ಕಿಟಕಿಗೆ ಸರಿಯಾದ ಪರದೆಯಿಲ್ಲ. ಬೇಸಿಗೆಯ ಶನಿವಾರ ಮೊದಲೇ ಬುಕ್ ಮಾಡದೆ ಈ ಕಡೆ ಬರಬೇಡಿ. ಹಿತ್ತಲ ಪಾರ್ಕಿಂಗಿನಲ್ಲಿ ಮಾತ್ರ ಒಂದೂ ದೀಪವಿರಲಿಲ್ಲ. ಪರೀಕ್ಷೆಗೆ ಅದೇ ಬೇಕಿತ್ತು. ಎಂಜಿನ್ ಓಡುತ್ತಿರುವಾಗ ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ಹನಿಹನಿಯಾಗಿ ನೀರು ಚಿಮುಕಿಸಿದೆ. ಹೆಂಡತಿ ಒಳಗೆ ಕೂತು ಆಕ್ಸಿಲರೇಟರ್ ಒತ್ತಿದಳು. ಮೂರನೇ ಸಿಲಿಂಡರಿನ ವೈರಿನಿಂದ ಪಕ್ಕದ ಲೋಹಕ್ಕೆ ನೀಲಿ ಕಿಡಿ ಹಾರಿತು. ಕೈ ದೂರ ಇಟ್ಟುಕೊಂಡೇ ನೋಡಿ. ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ, ಪ್ಲಗ್ ಬಿಚ್ಚಿದರೆ ಆ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಕಪ್ಪು ಗೆರೆ, ಕಿಡಿ ಅಡ್ಡದಾರಿ ಹಿಡಿದ ಗುರುತು. ನಾಲ್ಕರಲ್ಲೂ ಕಿಡಿ ಹಾರುವ ತುದಿಯ ಗ್ಯಾಪ್ 1.1 ಮಿ.ಮೀ. ದಾಟಿತ್ತು. ಗ್ಯಾಪ್ ಹಿಗ್ಗಿದಷ್ಟೂ ಜಾಸ್ತಿ ವೋಲ್ಟೇಜ್ ಬೇಕು, ವೈರ್ ಬೇಗ ಸೋಲುತ್ತದೆ. ಅದಕ್ಕೇ ಪ್ಲಗ್ಗನ್ನೂ ವೈರನ್ನೂ ಒಟ್ಟಿಗೆ ಬದಲಿಸಿ. ಈ ಕಾರಿನಲ್ಲಿ ಒಂದು ಕಾಯಿಲ್ 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ. ಜೋಡಿಯಾಗಿ ಎರಡು ಸಿಲಿಂಡರ್ ಸತ್ತರೆ ಕಾಯಿಲ್ ಮೇಲೆ ಅನುಮಾನ ಪಡಿ. ಒಂದೇ ಆದರೆ ಮೊದಲು ವೈರು, ಪ್ಲಗ್ಗು.

ಪಾರ್ಟ್ಸ್ ಅಂಗಡಿಯಲ್ಲಿ ಪ್ಲಗ್ ಇತ್ತು, ವೈರ್ ತರಿಸಬೇಕಿತ್ತು. ಕಾಯುವಾಗ ಸಿಕ್ಕಿದ್ದು ಒಂದು ಸಣ್ಣ ಮೆಕ್ಸಿಕನ್ ಹೋಟೆಲು. ಗಂಡ ಹೆಂಡತಿ ನಡೆಸುತ್ತಾರೆ. ಟೋರ್ಟಿಯಾವನ್ನು ಕಣ್ಣೆದುರೇ ತಟ್ಟಿ ಬೇಯಿಸುತ್ತಾರೆ. ಬೀನ್ಸು, ಅನ್ನ, ಹುರಿದ ದಪ್ಪ ಮೆಣಸಿನಕಾಯಿ ತುಂಬಿದ ಬರಿಟೊ ಒಂದನ್ನು ಇಬ್ಬರು ತಿಂದರೂ ಹೊಟ್ಟೆ ತುಂಬುತ್ತದೆ. ಹಸಿರು ಸಾಲ್ಸಾ ಅಮ್ಮ ಮಾಡುವ ಗೊಜ್ಜಿನ ಹಾಗೆ ಹುಳಿ, ಖಾರ ಎರಡೂ ಹದ. ಕೇಳಿದಷ್ಟು ಸಲ ಬಡಿಸಿದರು. ಸಸ್ಯಾಹಾರಿಗಳು ಬೀನ್ಸಿಗೆ ಹಂದಿ ಕೊಬ್ಬು ಹಾಕಿದ್ದೀರಾ ಅಂತ ಮೊದಲೇ ಕೇಳಿ. ಅನೇಕ ಕಡೆ ಹಾಕುತ್ತಾರೆ. ಇಲ್ಲಿ ಎಣ್ಣೆಯಲ್ಲೇ ಮಾಡುತ್ತಾರೆ. ಮೂರು ಹೊತ್ತೂ ಅಲ್ಲೇ ಊಟ ಮಾಡಿದೆವು. ಮತ್ತೆ ಆ ಕಡೆ ಹೋದರೆ ಬೇರೆ ಹೋಟೆಲು ನೋಡುವುದಿಲ್ಲ.

ವೈರ್ ಹಾಕಿದ ಮೇಲೆ ಶೆರ್ವಿನ್ ಏರನ್ನು ನಾಲ್ಕನೇ ಗೇರಿನಲ್ಲಿ ಪೂರ್ತಿ ಕಾಲೊತ್ತಿ ಹತ್ತಿದೆ. ಜರ್ಕ್ ಹೋಗಿತ್ತು.

ಹೊರಡುವ ಮೊದಲು ಡಿಕ್ಕಿಯಲ್ಲಿ ಒಂದು ಸೆಟ್ ವೈರು, ನಾಲ್ಕು ಪ್ಲಗ್ಗು, ಪ್ಲಗ್ ಸ್ಪ್ಯಾನರ್, ಸ್ಪ್ರೇ ಬಾಟಲಿ ಇಟ್ಟುಕೊಳ್ಳಿ. ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ವಾಲ್ವ್ ಕವರಿನ ಗ್ಯಾಸ್ಕೆಟ್ ಬದಲಿಸಿಕೊಂಡೇ ಹೊರಡಿ. ಮಿಸ್ಸಿಂಗ್ ನಿಲ್ಲದೇ ಬರುತ್ತಿದ್ದರೆ ಓಡಿಸಬೇಡಿ. ಸುಡದ ಪೆಟ್ರೋಲು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕೆಂಪಗೆ ಕಾಯಿಸುತ್ತದೆ. ಆಗ ರಸ್ತೆ ಪಕ್ಕದ ಒಣ ಹುಲ್ಲಿನ ಮೇಲಂತೂ ಕಾರು ನಿಲ್ಲಿಸಲೇಬೇಡಿ. ಬೇಸಿಗೆಯಲ್ಲಿ ಆ ಬೆಟ್ಟಗಳಿಗೆ ಬೆಂಕಿ ಹತ್ತಲು ಅಷ್ಟು ಸಾಕು.