ಶನಿವಾರದ ಬೆಳಗಿನ ಶಾಲೆಗೆ ರಾಗಿ ಗಂಜಿ: ಆರು ವಾರಗಳ ಟಿಪ್ಪಣಿ

ಶಾಲಾ ಮಕ್ಕಳಿಗೆ ಸರ್ಕಾರ ಕೊಡುವ ಕ್ಷೀರಭಾಗ್ಯದ ಹಾಲು ವಾರಕ್ಕೆ 5 ದಿನ. ಶನಿವಾರ ಅದಿಲ್ಲ, ಅಂದೇ ಶಾಲೆ ಬೆಳಿಗ್ಗೆ 8ಕ್ಕೆ ಶುರು. ಮನೆಯಲ್ಲಿ ಒಲೆ ಹಚ್ಚುವ ಮೊದಲೇ ಹೊರಟ ಮಕ್ಕಳು ಬರಿಹೊಟ್ಟೆಯಲ್ಲಿ ಪ್ರಾರ್ಥನೆಗೆ ನಿಲ್ಲುತ್ತಾರೆ. ಅದಕ್ಕೇ ಈ ಒಂದು ದಿನವನ್ನು ಹಿಡಿದು 60 ಮಕ್ಕಳಿಗೆ ಗಂಜಿ, ಹೆಸರುಕಾಳಿನ ಉಸಲಿ.

ಮೊದಲ ವಾರ: 1.2 ಕೆಜಿ ರಾಗಿಹಿಟ್ಟು (ತಲೆಗೆ 20 ಗ್ರಾಂ), ಒಟ್ಟು 11 ಲೀಟರ್ ನೀರು. 3 ಲೀಟರ್ ತಣ್ಣೀರಲ್ಲಿ ಹಿಟ್ಟು ಕದಡಿ, ಕುದಿಯುವ 7 ಲೀಟರಿಗೆ ಸುರಿದದ್ದರಿಂದ ಗಂಟಾಗಲಿಲ್ಲ. ಉಳಿದ 1 ಲೀಟರಲ್ಲಿ 600 ಗ್ರಾಂ ಬೆಲ್ಲ ಕರಗಿಸಿ, ಬಟ್ಟೆಯಲ್ಲಿ ಸೋಸಿ ಕೊನೆಗೆ ಹಾಕಿದ್ದು. ಸೋಸದಿದ್ದರೆ ಬೆಲ್ಲದ ಮರಳು ಬಾಯಿಗೆ ಸಿಗುತ್ತದೆ. ಎಲ್ಲ ಸರಿಯಿದ್ದರೂ ಬಡಿಸುವಷ್ಟರಲ್ಲಿ ಗಂಜಿ ಮುದ್ದೆಯತ್ತ ತಿರುಗಿ, ಮೇಲೆ ಕೆನೆಗಟ್ಟಿತು. ಚಿಕ್ಕವರು ಅರ್ಧಕ್ಕೇ ಬಿಟ್ಟರು. ಎರಡನೇ ವಾರ ನೀರು ಹೆಚ್ಚಿಸಿದಾಗ ಕುಡಿದರು, ಆದರೆ ಅಷ್ಟೇ ಲೋಟದಲ್ಲಿ ರಾಗಿ ಕಡಿಮೆಯಾಯಿತು. ಅದು ಪರಿಹಾರವಲ್ಲ.

ಪರಿಹಾರ ಇರುವುದು ಮೊಳಕೆಯಲ್ಲಿ. ರಾಗಿ ಮೊಳೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸಿ ಗಂಜಿಯನ್ನು ತೆಳುಮಾಡುತ್ತದೆ. ರಾಗಿಯನ್ನು 12 ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಒದ್ದೆ ಬಟ್ಟೆಯಲ್ಲಿ 36ರಿಂದ 48 ಗಂಟೆ ಕಟ್ಟಿಡಬೇಕು. ತಳದಲ್ಲಿ ನೀರು ನಿಂತರೆ ಬೂಸಲು ಬರುತ್ತದೆ. ಹುಳಿವಾಸನೆ ಬಂದ ಕಾಳನ್ನು ಎಸೆಯಲೇಬೇಕು. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಬೇರು ತಿಕ್ಕಿ ತೂರಿ, ಬೀಸಿಸಬೇಕು.

60 ಮಕ್ಕಳ ಗಂಜಿಗೆ ಈ ಹಿಟ್ಟು 60 ಗ್ರಾಂ ಸಾಕು. ಗಂಜಿ ಚೆನ್ನಾಗಿ ಬೆಂದ ಮೇಲೆ ಒಲೆಯಿಂದ ಇಳಿಸಿ, ಥರ್ಮಾಮೀಟರ್ 70 ಡಿಗ್ರಿಗೆ ಬರುವವರೆಗೆ ಕಾದು, ತಣ್ಣೀರಲ್ಲಿ ಕದಡಿದ ಮೊಳಕೆ ಹಿಟ್ಟು ಹಾಕಿ 10 ನಿಮಿಷ ತಿರುವಬೇಕು. ಸೌಟಿಗೆ ಅಂಟುತ್ತಿದ್ದ ಗಂಜಿ ಕಣ್ಣೆದುರೇ ಸಡಿಲವಾಗಿ ಧಾರೆಯಾಗಿ ಇಳಿಯತೊಡಗುತ್ತದೆ. ಆಮೇಲೆ ಮತ್ತೊಮ್ಮೆ ಕುದಿಸುವುದನ್ನು ಬಿಡಲೇಬಾರದು: ಮೊಳಕೆ ಕಟ್ಟಿದ ಕಾಳಿನಲ್ಲಿ ರೋಗಾಣು ಬೆಳೆದಿರಬಹುದು.

ನಾಲ್ಕನೇ ವಾರ ಇದೇ ಕ್ರಮ ಕೈಕೊಟ್ಟಿತು. ಆ ಸಲದ ಮೊಳಕೆ ಹಿಟ್ಟನ್ನು ಘಮ ಬರುವಷ್ಟು ಹುರಿದಿದ್ದೇ ಕಾರಣ, ಅಷ್ಟು ಕಾವಿಗೆ ಕಿಣ್ವ ಸಾಯುತ್ತದೆ. ಕುದಿಯುವ ಗಂಜಿಗೇ ನೇರ ಹಾಕಿದರೂ ಅದೇ ಗತಿ. ಘಮ ಬೇಕಿದ್ದರೆ ಮೊಳಕೆ ಕಟ್ಟದ ರಾಗಿಯನ್ನು ಹುರಿದು ಬೀಸಿಸಿಕೊಳ್ಳಿ.

ಉಸಲಿ ಸುಲಭ. ರಾತ್ರಿ ನೆನೆಸಿದ 1.2 ಕೆಜಿ ಹೆಸರುಕಾಳು, ಒಗ್ಗರಣೆ, ಒಲೆ ಆರಿಸಿದ ಮೇಲೆ 8 ನಿಂಬೆಹಣ್ಣಿನ ರಸ. ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ನಿಂಬೆ ಸಹಾಯಕ, ಕುದಿಸಿದರೆ ಅದರ ಸಿ ಜೀವಸತ್ವ ನಷ್ಟವಾಗುತ್ತದೆ. ಗ್ಯಾಸ್ ಕೈಕೊಟ್ಟ ದಿನಕ್ಕೆ ಹುರಿಗಡಲೆ, ಬೆಲ್ಲ, ಬಾಳೆಹಣ್ಣು ಡಬ್ಬಿಯಲ್ಲಿ ಸಿದ್ಧ. ಬಿಸಿ ಅಡುಗೆ ಆಗದ ಕಡೆ ಕಡಲೆ, ಬೆಲ್ಲ, ಹಣ್ಣು ಕೊಡಬಹುದು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ.

ಇಷ್ಟಾದರೂ ಕೆಲವು ಲೋಟಗಳು ತುಂಬಿದ್ದಂತೆಯೇ ವಾಪಸು ಬರುತ್ತಿದ್ದವು. ತಪ್ಪು ಗಂಜಿಯದಲ್ಲ, ಲೋಟದ್ದು. ಬಿಸಿ ಸ್ಟೀಲ್ ಲೋಟವನ್ನು ಒಂದನೇ ತರಗತಿಯ ಬೆರಳುಗಳು ಹಿಡಿಯಲಾರವು. ಈಗ ತಟ್ಟೆಯ ಮೇಲೆ ಅಗಲ ಬಟ್ಟಲು, ಮೊದಲು 100 ಮಿ.ಲೀ., ಕೇಳಿದವರಿಗೆ ಇನ್ನೊಂದು ಸೌಟು. ಬಿಸಿ ಪಾತ್ರೆ ಮಕ್ಕಳ ಕೈಗೆ ಕೊಡುವುದಿಲ್ಲ.

ಬಡಿಸುವ ಹೊತ್ತು 7:40ರಿಂದ 8:10. ಬಸ್ಸು ತಡವಾಗಿ ಬಂದ ಮಗುವಿಗೆ ಮುಚ್ಚಿಟ್ಟ ಪಾಲು ಇರುತ್ತದೆ. "ಮನೆಯಲ್ಲಿ ತಿಂದು ಬಂದಿಲ್ಲವಾ?" ಎಂದು ಯಾರೂ ಕೇಳಕೂಡದು, ಹೆಸರು ಕೂಗಿ ಬಡಿಸಕೂಡದು. ಆ ಒಂದು ಪ್ರಶ್ನೆಗೆ ಹೆದರಿ ಹಸಿದ ಮಗು ಮೂಲೆಯಲ್ಲೇ ನಿಲ್ಲುತ್ತದೆ. ಶಿಕ್ಷಕರೂ ಅದೇ ಪಂಕ್ತಿಯಲ್ಲಿ ಕೂತು ಅದೇ ಗಂಜಿ ಕುಡಿಯುತ್ತಾರೆ.

ಮುಂದಿನ ಕೆಲಸ: ಮಳೆ ಹಿಡಿಯುವ ಮೊದಲು 15 ಶನಿವಾರಗಳಿಗೆ ಬೇಕಾದ 900 ಗ್ರಾಂ ಮೊಳಕೆ ಹಿಟ್ಟನ್ನು ಒಣಗಿಸಿ, ಬೀಸಿಸಿ ಗಾಳಿಯಾಡದ ಡಬ್ಬಿಗೆ ತುಂಬುವುದು.