ಕೃಪೆ ಎಂದರೇನು? (2 ಅಂಕ)

ಚರ್ಚಿನಲ್ಲಿ ಮಕ್ಕಳನ್ನು ಕರ್ತನ ಭೋಜನಕ್ಕೆ (ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರಕ್ಕೆ) ಸಿದ್ಧಪಡಿಸುವ ಕನ್ಫರ್ಮೇಶನ್ ಕ್ಲಾಸಿನ ಕೊನೆಯ ಪರೀಕ್ಷೆಯಲ್ಲಿ ಈ ಪ್ರಶ್ನೆ ತಪ್ಪುವುದೇ ಇಲ್ಲ. ಕೀ ಆನ್ಸರ್ ಒಂದೇ ಸಾಲು: ‘ಅಪಾತ್ರರಾದ ನಮಗೆ ದೇವರು ತೋರಿಸುವ ದಯೆ.’ ಈ ಸಲ ಹೆಚ್ಚಿನ ಪೇಪರುಗಳಲ್ಲಿ ಬಂದ ಉತ್ತರ ಬೇರೆ: ‘ನಾವು ಕೈಲಾದಷ್ಟು ಪ್ರಯತ್ನ ಮಾಡಿದ ಮೇಲೆ ಕಡಿಮೆ ಬಿದ್ದದ್ದನ್ನು ದೇವರು ತುಂಬಿಕೊಡುವುದೇ ಕೃಪೆ.’ ವ್ಯಾಲ್ಯುಯೇಶನ್‌ಗೆ ಕೂತಿದ್ದ ಹಿರಿಯರು ಇದಕ್ಕೆ ಪೂರ್ತಿ 2 ಅಂಕ ಕೊಟ್ಟು, ಪಕ್ಕದಲ್ಲಿ ‘ಉತ್ತಮ’ ಎಂದೂ ಬರೆದಿದ್ದರು.

ಆ ಉತ್ತರಗಳಿಗೆಲ್ಲ ಸೊನ್ನೆ ಹಾಕಬೇಕು ಎಂದು ನಾನು ಹೇಳಿದಾಗ ವೆಸ್ಟ್ರಿಯಲ್ಲಿ, ಅಂದರೆ ಚರ್ಚಿನ ಪಕ್ಕದ ಕೋಣೆಯಲ್ಲಿ, ಮಾತು ಬಿಸಿಯಾಯಿತು. ‘ಸ್ವಂತ ಮಾತಲ್ಲಿ ಬರೆದಿದ್ದಾವೆ ಮಕ್ಕಳು. ಪ್ರಯತ್ನ ಮಾಡಿ ಅಂತ ತಾನೇ ಅಯ್ಯನವರೇ, ನಾವೂ ಹೇಳೋದು?’ ಎಂದು ಸೆಕ್ರೆಟರಿ ಕೇಳಿದರು. ಕೋಣೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ನಿಜಕ್ಕೂ ವರ್ಷವಿಡೀ ಹೇಳಿದ್ದು ಅದನ್ನೇ. ಬಿಷಪರು ಬರುವ ದಿನ ಹತ್ತಿರವಿತ್ತು, ಸರ್ಟಿಫಿಕೇಟ್ ಬರೆಯಬೇಕಿತ್ತು. ಅಂಕಗಳು ಹಾಗೇ ಉಳಿದವು. ‘ಉತ್ತರ ತಪ್ಪು, ಆದ್ರೆ ಅಂಕ ಮಾತ್ರ ಅಪ್ಪಟ ಕೃಪೆಯಿಂದ ಸಿಕ್ತು’ ಎಂದು ಟ್ರೆಜರರ್ ನಕ್ಕರು. ಇಡೀ ಸಂಜೆಯಲ್ಲಿ ಸರಿಯಾಗಿ ದೇವಶಾಸ್ತ್ರ ಮಾತಾಡಿದವರು ಅವರೊಬ್ಬರೇ.

ಮಕ್ಕಳಿಗೆ ಈ ಉತ್ತರ ಸಿಕ್ಕಿದ್ದು ಬೈಬಲಿನಿಂದಲ್ಲ, ಸ್ಕೂಲಿನಿಂದ. ಎಸ್‌ಎಸ್‌ಎಲ್‌ಸಿ ಕಟ್ಟೆಯ ಮೇಲೆ ನಿಂತಿರುವ ಮಕ್ಕಳಿಗೆ ಗ್ರೇಸ್ ಎಂದರೆ ಗ್ರೇಸ್ ಮಾರ್ಕ್ಸ್. 2024ರಲ್ಲಿ ಪರೀಕ್ಷಾ ಮಂಡಳಿ ಅದನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದಾಗಲೂ ಅದಕ್ಕೊಂದು ಮಿತಿಯಿತ್ತು: ಒಟ್ಟು ಶೇ 25 ಆದರೂ ಸ್ವಂತವಾಗಿ ತೆಗೆದವರಿಗೇ ಅದು. ಅಂದರೆ ದಡದ ಹತ್ತಿರ ಬಂದವರನ್ನು ಕೈ ಹಿಡಿದು ಎಳೆದುಕೊಳ್ಳುವ ವ್ಯವಸ್ಥೆ. ಪೂರ್ತಿ ಮುಳುಗಿದವರಿಗೆ ಅದರಲ್ಲಿ ಏನೂ ಇಲ್ಲ. ಬೈಬಲಿನಲ್ಲಿ ಅಪೊಸ್ತಲ ಪೌಲ ಹೇಳುವುದು ಇದರ ತಲೆಕೆಳಗು. ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದ 6ರಿಂದ 10ನೇ ವಚನದವರೆಗೆ ಅವನು ಮನುಷ್ಯರನ್ನು ಕರೆಯುವ ರೀತಿ ನೋಡಿ: ಬಲವಿಲ್ಲದವರು, ಭಕ್ತಿಹೀನರು, ಪಾಪಿಗಳು, ಕೊನೆಗೆ ವೈರಿಗಳು. ನಾಲ್ಕರಲ್ಲಿ ಒಂದಾದರೂ ‘ಸ್ವಲ್ಪ ಕಡಿಮೆ ಬಿದ್ದವರು’ ಎನ್ನುವುದಿಲ್ಲ. ಕ್ರಿಸ್ತನು ಸತ್ತದ್ದು ಇವರು ಆ ಸ್ಥಿತಿಯಲ್ಲಿ ಇದ್ದಾಗಲೇ ಎಂಬುದು ಅಲ್ಲಿನ ಒತ್ತು. ಬೋರ್ಡ್ ಮೇಲೆ ಈ ನಾಲ್ಕನ್ನೂ ಬರೆಸಿ, ಇವರಲ್ಲಿ ಗ್ರೇಸ್ ಮಾರ್ಕ್ಸಿಗೆ ಅರ್ಹರು ಯಾರು ಎಂದು ಕೇಳಿದರೆ ಸಾಕು. ವ್ಯಾಖ್ಯೆ ಬಾಯಿಪಾಠ ಮಾಡಿಸುವುದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಮಕ್ಕಳ ಉತ್ತರ ಹೊಸದೇನಲ್ಲ, ಸಾವಿರದ ಐನೂರು ವರ್ಷ ಹಳೆಯದು. ಇದನ್ನು ಪಾಠ ಹೇಳುವವರು ತಿಳಿದಿದ್ದರೆ ಮಕ್ಕಳ ಮೇಲೆ ಸಿಟ್ಟು ಬರುವುದಿಲ್ಲ. ಐದನೇ ಶತಮಾನದ ಆರಂಭದಲ್ಲಿ ರೋಮಿನಲ್ಲಿದ್ದ ಪೆಲಾಜಿಯಸ್ ಎಂಬ ಬ್ರಿಟನ್ ಮೂಲದ ತಪಸ್ವಿಗೆ ಅಲ್ಲಿನ ಕ್ರೈಸ್ತರ ಸಡಿಲ ಬದುಕು ಕಂಡು ರೇಗಿತ್ತು. ಉತ್ತರ ಆಫ್ರಿಕಾದ ಬಿಷಪ್ ಆಗಸ್ಟೀನನ ‘ನೀನು ಆಜ್ಞಾಪಿಸುವುದನ್ನು ನೀನೇ ದಯಪಾಲಿಸು, ಆಮೇಲೆ ನಿನಗೆ ಬೇಕಾದ್ದನ್ನು ಆಜ್ಞಾಪಿಸು’ ಎಂಬ ಪ್ರಾರ್ಥನೆ ಕಿವಿಗೆ ಬಿದ್ದಾಗ, ಇದು ಸೋಮಾರಿತನಕ್ಕೆ ದಾರಿ ಎಂದು ಅವನು ಕೆರಳಿದ. ದೇವರು ಆಗದ್ದನ್ನು ಆಜ್ಞಾಪಿಸುವುದಿಲ್ಲ. ಸ್ವತಂತ್ರ ಇಚ್ಛೆ, ಧರ್ಮಶಾಸ್ತ್ರ, ಕ್ರಿಸ್ತನ ಮಾದರಿ, ಇವೇ ಕೃಪೆ ಎಂಬುದು ಅವನ ವಾದ. 418ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಬಿಷಪರ ಸಭೆ ಅದನ್ನು ತಳ್ಳಿಹಾಕಿತು. ಸಂಡೇ ಸ್ಕೂಲ್ ಟೀಚರುಗಳಿಗೆ ಇಷ್ಟು ಗೊತ್ತಿರುತ್ತದೆ, ಪೆಲಾಜಿಯಸ್ ಎಂದರೆ ತಪ್ಪು ಎಂದು ಹೇಳಿಕೊಟ್ಟು ಮುಂದೆ ಹೋಗುತ್ತಾರೆ.

ಆದರೆ ನಮ್ಮ ಪೇಪರುಗಳಲ್ಲಿ ಇದ್ದದ್ದು ಪೆಲಾಜಿಯಸ್ ಅಲ್ಲ. ಅದಕ್ಕಿಂತ ನಯವಾದದ್ದು. ಆಗಸ್ಟೀನನ ಕೊನೆಗಾಲದಲ್ಲಿ ದಕ್ಷಿಣ ಗಾಲ್‌ನ (ಇಂದಿನ ಫ್ರಾನ್ಸ್) ಮಾರ್ಸೇಲ್ ಸುತ್ತಿನ ಸನ್ಯಾಸಿಗಳು ಎತ್ತಿದ ಮಾತು ಅದು: ಕೃಪೆ ಬೇಕೇ ಬೇಕು, ಆದರೆ ಮೊದಲ ಹೆಜ್ಜೆ ನಮ್ಮದೂ ಆಗಿರಬಹುದು. ರೋಗ ವಾಸಿ ಮಾಡುವುದು ವೈದ್ಯನೇ, ಅವನನ್ನು ಕರೆಯುವುದಾದರೂ ರೋಗಿಯ ಕೆಲಸ ತಾನೇ ಎಂಬ ಧಾಟಿ. ಇದಕ್ಕೆ ಉತ್ತರ ಸಿಗಲು ನೂರು ವರ್ಷ ಹಿಡಿಯಿತು. 529ರ ಜುಲೈಯಲ್ಲಿ ಆರ್ಲ್‌ನ ಬಿಷಪ್ ಸಿಸೇರಿಯಸ್ ಅಧ್ಯಕ್ಷತೆಯಲ್ಲಿ ಒರಾಂಜ್‌ನಲ್ಲಿ ಕೂಡಿದ ಸಭೆ, ನಂಬಬೇಕೆಂಬ ಆಸೆ ಮನಸ್ಸಿನಲ್ಲಿ ಮೊಳೆಯುವುದು ಕೂಡ ಕೃಪೆಯ ವರವೇ, ಸಹಜವಾಗಿ ನಮ್ಮಲ್ಲಿ ಇದ್ದದ್ದಲ್ಲ ಎಂದು ತೀರ್ಮಾನಿಸಿತು. ಅಲ್ಲಿಗೂ ಮುಗಿಯಲಿಲ್ಲ. ಹದಿನೈದನೇ ಶತಮಾನದಲ್ಲಿ ಜರ್ಮನಿಯ ಟ್ಯೂಬಿಂಗನ್ನಿನ ದೇವಶಾಸ್ತ್ರಜ್ಞ ಗೇಬ್ರಿಯಲ್ ಬೀಲ್ ಕಲಿಸಿದ ಸೂತ್ರ, ‘ತನ್ನಲ್ಲಿರುವಷ್ಟನ್ನು ಮಾಡಿದವನಿಗೆ ದೇವರು ಕೃಪೆಯನ್ನು ನಿರಾಕರಿಸುವುದಿಲ್ಲ’ ಎಂಬುದು. ಮುಂದೆ ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಲೂಥರ್ ಎರ್ಫರ್ಟಿನಲ್ಲಿ ಓದಿದ್ದು ಇದೇ ಪರಂಪರೆಯಲ್ಲಿ. ಅವನನ್ನು ಹಿಂಡಿದ ಪ್ರಶ್ನೆ ಸರಳ: ನನ್ನಲ್ಲಿರುವಷ್ಟನ್ನು ಮಾಡಿದ್ದೇನೆ ಎಂದು ಗೊತ್ತಾಗುವುದು ಯಾವಾಗ? ಇನ್ನೊಂದು ಗಂಟೆ ಪ್ರಾರ್ಥನೆ ಮಾಡಬಹುದಿತ್ತಲ್ಲ? ‘ಕೈಲಾದಷ್ಟು’ ಎಂಬುದಕ್ಕೆ ತಳವೇ ಇಲ್ಲ. ಪ್ರಾಮಾಣಿಕ ಮಗು ಅದರಲ್ಲಿ ಹೆದರಿಕೆಗೆ ಬೀಳುತ್ತದೆ, ಚುರುಕು ಮಗು ಅದರಲ್ಲಿ ಜಂಬ ಕಲಿಯುತ್ತದೆ. ವ್ಯಾಲ್ಯುಯೇಶನ್ ಟೇಬಲ್ಲಿನಲ್ಲಿ ಸೆಕ್ರೆಟರಿಯವರಿಗೆ ಹೇಳಬೇಕಾಗಿದ್ದ ಉತ್ತರ ಇದಾಗಿತ್ತು.

ಇನ್ನು ಪಾಠದ ವಿಷಯ. ಕೃಪೆ ಎಂದಾಕ್ಷಣ ಎಲ್ಲರೂ ತೆಗೆಯುವುದು ಲೂಕನ ಸುವಾರ್ತೆಯ 15ನೇ ಅಧ್ಯಾಯ, ಅಪ್ಪನ ಆಸ್ತಿ ಹಾಳುಮಾಡಿ ತಿರುಗಿ ಬಂದ ‘ತಪ್ಪಿಹೋದ ಮಗ’. ಅಲ್ಲೇ ಎಡವುವುದು. ‘ಮಗ ಎದ್ದು ಮನೆಗೆ ಬಂದ, ಆಗ ಅಪ್ಪ ಓಡಿ ಬಂದ’ ಎಂದು ಮಕ್ಕಳು ಕೇಳಿಸಿಕೊಳ್ಳುತ್ತಾರೆ. ಮೊದಲ ಹೆಜ್ಜೆ ಮಗನದು, ಉಳಿದದ್ದು ಅಪ್ಪನದು. ಮಾರ್ಸೇಲಿನ ಸನ್ಯಾಸಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿರಲಿಲ್ಲ. ಆದ್ದರಿಂದ ಅಧ್ಯಾಯದ ಕ್ರಮ ಮುರಿಯಬೇಡಿ. ಯೇಸು ಮೊದಲು ಕಳೆದುಹೋದ ಕುರಿ, ಆಮೇಲೆ ಕಳೆದುಹೋದ ನಾಣ್ಯ, ಕೊನೆಗೆ ಮಗ ಎಂದು ಹೇಳಿದ್ದಕ್ಕೆ ಕಾರಣವಿದೆ. ಕುರಿಯಾದರೂ ‘ಬ್ಯಾ’ ಎನ್ನಬಹುದು. ನಾಣ್ಯ ಏನು ಮಾಡೀತು? ಒಬ್ಬ ಹೆಂಗಸಿನ ಹತ್ತು ನಾಣ್ಯಗಳಲ್ಲಿ ಒಂದು, ಎಲ್ಲೋ ಮೂಲೆಯಲ್ಲಿ ಬಿದ್ದಿದೆ. ದೀಪ ಹಚ್ಚುವುದು, ಮನೆ ಗುಡಿಸುವುದು, ಹುಡುಕುವುದು, ಸಿಕ್ಕಿದ ಮೇಲೆ ಅಕ್ಕಪಕ್ಕದವರನ್ನು ಕರೆಯುವುದು, ಎಲ್ಲ ಆ ಹೆಂಗಸಿನದೇ. ‘ಇದರಲ್ಲಿ ನಾಣ್ಯದ ಪ್ರಯತ್ನ ಎಷ್ಟು?’ ಎಂದು ಕೇಳಿ, ತರಗತಿ ನಕ್ಕ ಮೇಲೆಯೇ ಮಗನ ಕಥೆಗೆ ಹೋಗಬೇಕು.

ಮಗನ ಕಥೆಯಲ್ಲೂ ಎರಡು ವಚನ ಪಕ್ಕಪಕ್ಕ ಇಟ್ಟು ಓದಿಸಿ: 15:19 ಮತ್ತು 15:21. ಹಂದಿಗಳ ನಡುವೆ ಕೂತು ಅವನು ಮಾತು ಸಿದ್ಧ ಮಾಡಿಕೊಂಡಿರುತ್ತಾನೆ, ಅದರ ಕೊನೆಯ ತುಂಡು ‘ನನ್ನನ್ನು ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೋ’ ಎಂದು. ಅಪ್ಪನ ಎದುರು ಆ ತುಂಡು ಬಾಯಿಂದ ಹೊರಡುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ನಿಲುವಂಗಿ, ಉಂಗುರ, ಜೋಡು ತರಿಸುತ್ತಿದ್ದಾನೆ. ದುಡಿದು ತೀರಿಸುತ್ತೇನೆ ಎಂಬ ಪ್ರಸ್ತಾಪ ಚರ್ಚೆಗೇ ಬರುವುದಿಲ್ಲ. ಬಿಟ್ಟುಹೋದ ಸಾಲನ್ನು ಮಕ್ಕಳೇ ಕಂಡುಹಿಡಿಯಲಿ. ನೀವು ತೋರಿಸಿದರೆ ಅರ್ಧ ಬೆಲೆ.

ಮತ್ತಾಯ 20ರ ದ್ರಾಕ್ಷೆಯ ತೋಟ ಎರಡನೇ ಪಾಠಕ್ಕೆ. ಮುಂಜಾನೆ, ಒಂಬತ್ತು, ಹನ್ನೆರಡು, ಮೂರು, ಐದು ಗಂಟೆಗೆ ಬಂದ ಐದು ತಂಡ ಕೂಲಿಯವರು, ಆರು ಗಂಟೆಗೆ ಬಟವಾಡೆ, ಎಲ್ಲರಿಗೂ ಒಂದೊಂದು ದಿನಾರಿ, ಅಂದರೆ ಒಂದು ದಿನದ ಕೂಲಿ. ಇಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ವಿವರ ಎರಡು. ಒಂದು, ಕರಾರು ಮಾಡಿಕೊಂಡವರು ಮೊದಲ ತಂಡದವರು ಮಾತ್ರ. ಒಂಬತ್ತರವರಿಗೆ ‘ನ್ಯಾಯವಾದದ್ದನ್ನು ಕೊಡುತ್ತೇನೆ’ ಎಂದಷ್ಟೇ ಮಾತು. ಇನ್ನೊಂದು, ಯಜಮಾನ ಬೇಕೆಂದೇ ಕೊನೆಯವರಿಂದ ಬಟವಾಡೆ ಶುರು ಮಾಡಿಸುತ್ತಾನೆ. ಮೊದಲಿನವರಿಗೆ ಮೊದಲು ಕೊಟ್ಟು ಕಳಿಸಿದ್ದರೆ ಗಲಾಟೆಯೇ ಇರುತ್ತಿರಲಿಲ್ಲ. ಅವರು ನಿಂತು ನೋಡಲಿ ಎಂಬುದೇ ಉದ್ದೇಶ. ಮಕ್ಕಳು ‘ಇದು ಅನ್ಯಾಯ’ ಎನ್ನುತ್ತಾರೆ. ಆ ಸಿಟ್ಟನ್ನು ತಣ್ಣಗೆ ಮಾಡಲು ಹೋಗಬೇಡಿ. ‘ಕೊನೆಗೆ ಬಂದವರ ಆತ್ಮ ಶುದ್ಧವಾಗಿತ್ತೇನೋ’ ಎಂಬ ಬೊಗಳೆ ವ್ಯಾಖ್ಯಾನವಂತೂ ಬೇಡವೇ ಬೇಡ. ಸಿಟ್ಟು ಬಂದರೆ ಕಥೆ ಮುಟ್ಟಿದೆ ಎಂದರ್ಥ. ಅಲ್ಲಿಂದ ನೇರ ರೋಮಾ. 4:4ಕ್ಕೆ ದಾಟಿ: ಕೆಲಸ ಮಾಡಿದವನಿಗೆ ಬರುವುದು ಕೂಲಿ, ಅದು ಸಲ್ಲಬೇಕಾದ ಬಾಕಿ, ಕೃಪೆಯಲ್ಲ.

ಇಷ್ಟು ಸರಿಯಾಗಿ ಹೋದರೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ಹಾಗಾದರೆ ಏನು ಬೇಕಾದರೂ ಮಾಡಬಹುದಲ್ಲ? ಪಾಠ ಕೆಡುವುದು ಹೆಚ್ಚಾಗಿ ಈ ಕ್ಷಣದಲ್ಲಿ. ಹಿರಿಯರು ಯಾರಾದರೂ ಕೂತಿದ್ದರೆ ಇನ್ನೂ ಕಷ್ಟ. ಪಾಠ ಹೇಳುವವರು ಗಾಬರಿಯಾಗಿ ‘ಇಲ್ಲಪ್ಪ, ಒಳ್ಳೆಯ ಕೆಲಸವೂ ಬೇಕು’ ಎಂದು ಒಂದು ಗಂಟೆ ಕಟ್ಟಿದ್ದನ್ನು ಒಂದೇ ವಾಕ್ಯದಲ್ಲಿ ಉರುಳಿಸುತ್ತಾರೆ. ಪೌಲ ಗಾಬರಿಯಾಗುವುದಿಲ್ಲ. ರೋಮಾ. 5:20ರಲ್ಲಿ ಪಾಪ ಹೆಚ್ಚಿದಲ್ಲಿ ಕೃಪೆ ಇನ್ನೂ ಹೆಚ್ಚಾಯಿತು ಎಂದವನು, 6:1ರಲ್ಲಿ ಇದೇ ಪ್ರಶ್ನೆಯನ್ನು ತಾನೇ ಹಾಕಿಕೊಳ್ಳುತ್ತಾನೆ. ಉತ್ತರ ಕೊಡುವಾಗ ಅವನು ಕೃಪೆಯನ್ನು ಒಂದು ಚಮಚವೂ ಕಡಿಮೆ ಮಾಡುವುದಿಲ್ಲ. ದೀಕ್ಷಾಸ್ನಾನದ ಕಡೆಗೆ ಕೈ ತೋರಿಸುತ್ತಾನೆ. ಕ್ರಿಸ್ತನೊಂದಿಗೆ ಸತ್ತು ಹೂಣಲ್ಪಟ್ಟವರು ಹಳೆಯದರಲ್ಲೇ ಬದುಕುವುದು ಹೇಗೆ ಎಂದು. ಕೃಪೆ ಬರೀ ಕ್ಷಮಾಪತ್ರವಲ್ಲ, ಆಳುವವನೇ ಬದಲಾಗುವುದು. ತೀತನಿಗೆ ಬರೆದ ಪತ್ರದ 2:11-12ರಲ್ಲಿ ಇನ್ನೂ ನೇರ: ಭಕ್ತಿಹೀನತೆಯನ್ನು ಬಿಡಲು ನಮಗೆ ಕಲಿಸುವುದು ಕೃಪೆಯೇ. ಎಫೆಸ 2:8-9 ಬಾಯಿಪಾಠ ಮಾಡಿಸುವವರು 10ನೇ ವಚನ ಸೇರಿಸದೆ ನಿಲ್ಲಿಸಬಾರದು. ಕ್ರಿಯೆಗಳಿಂದಲ್ಲ ಎಂದ ಮೇಲೆ, ಸತ್ಕ್ರಿಯೆಗಳಿಗಾಗಿ ಎಂಬುದು ಅಲ್ಲಿದೆ. ಕ್ರಮ ಮುಖ್ಯ, ಅದನ್ನು ಅದಲುಬದಲು ಮಾಡಿದರೆ ಮತ್ತೆ ಗೇಬ್ರಿಯಲ್ ಬೀಲ್.

ನಮ್ಮ ಪ್ರೊಟೆಸ್ಟಂಟರ ಇನ್ನೊಂದು ಚಟ, ‘ಕ್ಯಾಥೊಲಿಕರು ಕ್ರಿಯೆಯಿಂದ ರಕ್ಷಣೆ ಅಂತಾರೆ, ನಾವು ಕೃಪೆಯಿಂದ ಅಂತೀವಿ’ ಎಂದು ಒಂದು ಗೆರೆ ಎಳೆದು ಮುಗಿಸುವುದು. ಇದು ಸುಳ್ಳು. 1547ರ ಜನವರಿ 13ರಂದು ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ ತನ್ನ ಆರನೇ ಅಧಿವೇಶನದಲ್ಲಿ ಹೊರಡಿಸಿದ ಮೊದಲ ಕಟ್ಟಳೆಯೇ, ಕ್ರಿಸ್ತನ ಮೂಲಕ ಬರುವ ದೇವಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಹುದು ಎನ್ನುವವನನ್ನು ಶಪಿಸುತ್ತದೆ. ಜಗಳ ಇದ್ದದ್ದು ಬೇರೆ ಕಡೆ: ಕೃಪೆ ನಮ್ಮೊಳಗೆ ಬಂದು ನಮ್ಮನ್ನು ನೀತಿವಂತರನ್ನಾಗಿ ಮಾಡುತ್ತದೆಯೋ, ಅಥವಾ ದೇವರು ಕ್ರಿಸ್ತನ ನಿಮಿತ್ತ ನಮ್ಮನ್ನು ನೀತಿವಂತರೆಂದು ಎಣಿಸುತ್ತಾನೋ, ಆ ಕೃಪೆಯೊಂದಿಗೆ ಮನುಷ್ಯ ಸಹಕರಿಸುವುದು ಎಂದರೆ ಏನು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ಮತ್ತು ಕ್ಯಾಥೊಲಿಕ್ ಸಭೆಗಳು ಸಹಿ ಹಾಕಿದ ಜಂಟಿ ಘೋಷಣೆ, ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರವೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಎಂದು ಒಟ್ಟಿಗೆ ಹೇಳಿತು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳು ಸೇರಿಕೊಂಡವು. ಎಲ್ಲ ಭೇದ ಮುಗಿದಿಲ್ಲ, ಆದರೆ ಪಕ್ಕದ ಚರ್ಚಿನ ಮಕ್ಕಳ ಬಗ್ಗೆ ನಮ್ಮ ಮಕ್ಕಳಿಗೆ ಸುಳ್ಳು ಕಲಿಸಲು ಈಗ ನೆಪವೂ ಇಲ್ಲ.

ನಮ್ಮ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ತರಗತಿಗೆ ಇನ್ನೊಂದು ತೊಡಕಿದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದಾದ ಸಭೆಯಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಕಾಂಗ್ರಿಗೇಶನಲ್, ಪ್ರೆಸ್ಬಿಟೇರಿಯನ್ ಎಲ್ಲರೂ ಇದ್ದಾರೆ. ಕರಾವಳಿ, ಧಾರವಾಡದ ಕಡೆ 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಬೇರೂ ಇದೆ. ಮೈಸೂರು ಕಡೆಯ ವೆಸ್ಲಿಯನ್ (ಮೆಥಡಿಸ್ಟ್) ಮನೆಯ ಅಜ್ಜಿ, ನಾವು ತಿರುಗುವ ಮೊದಲೇ ಎಲ್ಲ ಮನುಷ್ಯರಲ್ಲೂ ಕೃಪೆ ಕೆಲಸ ಶುರು ಮಾಡಿರುತ್ತದೆ, ಅದನ್ನು ಬೇಡ ಎನ್ನುವ ಸ್ವಾತಂತ್ರ್ಯವೂ ನಮಗಿದೆ ಎಂಬ ಧಾಟಿಯಲ್ಲಿ ಮಾತಾಡುತ್ತಾರೆ. ಬೇರೆ ಮನೆಯಲ್ಲಿ, ಆರಿಸಿಕೊಂಡವನು ದೇವರು, ಅವನು ಹಿಡಿದದ್ದನ್ನು ಬಿಡುವುದಿಲ್ಲ ಎಂದು. ಎರಡನ್ನೂ ತರಗತಿಗೆ ತನ್ನಿ. ಎರಡೂ ಕಡೆಯವರು ಆರಂಭ ದೇವರದ್ದೇ ಎನ್ನುತ್ತಾರೆ.

ಪಠ್ಯ ಮಾಡಿದವರು ಇದಕ್ಕೆಲ್ಲ ಕೊಟ್ಟಿರುವುದು ಒಂದೇ ಪೀರಿಯಡ್. ಸಭಾ ಶಿಸ್ತು, ವಂತಿಗೆ, ಉಡುಪುಗಳ ಬಣ್ಣ ಇವಕ್ಕೆ ಮೂರು. ಆಮೇಲೆ, ಮೂರು ತಿಂಗಳ ಕೂಸಾಗಿದ್ದಾಗ ಏನೂ ಮಾಡದೆ, ಏನೂ ತಿಳಿಯದೆ, ಬಹುಶಃ ಅಳುತ್ತಾ ದೀಕ್ಷಾಸ್ನಾನ ಪಡೆದ ಮಕ್ಕಳಿಗೆ ಹದಿನಾಲ್ಕನೇ ವಯಸ್ಸಿನಲ್ಲಿ 35 ಅಂಕ ತೆಗೆದರೆ ಮಾತ್ರ ಕರ್ತನ ಭೋಜನ ಎಂದು ಹೇಳುತ್ತೇವೆ. ಪರೀಕ್ಷೆ ಬೇಡವೆಂದಲ್ಲ. ಫಲಿತಾಂಶವನ್ನು ಮೇಜಿನ ಟಿಕೆಟ್ ಮಾಡಬೇಡಿ, ಯಾವ ಪಾಠ ಮತ್ತೆ ಹೇಳಬೇಕು ಎಂದು ತಿಳಿಯಲು ಇಟ್ಟುಕೊಳ್ಳಿ. ಪ್ರಶ್ನೆಯನ್ನೂ ಬದಲಿಸಿ: ‘ಲೂಕ 15ರಲ್ಲಿ ಮಗ ಹೇಳಬೇಕೆಂದಿದ್ದು, ಹೇಳದೆ ಉಳಿದದ್ದು ಯಾವುದು? ಯಾಕೆ?’ ಗೈಡ್ ನೋಡಿ ಬರೆಯಲಾಗದ ಪ್ರಶ್ನೆ ಅದು.

ಸಾಕ್ಷಿ ಕಥೆಗಳ ಬಗ್ಗೆ ಒಂದು ಮಾತು. ‘ಅಮೇಜಿಂಗ್ ಗ್ರೇಸ್’ ಹಾಡು ಬರೆದ ಜಾನ್ ನ್ಯೂಟನ್ ಕಥೆಯನ್ನು ಎಲ್ಲರೂ ಹೇಳುತ್ತಾರೆ: ಗುಲಾಮರ ವ್ಯಾಪಾರಿ, ಬಿರುಗಾಳಿ, ಪ್ರಾರ್ಥನೆ, ಮರುದಿನದಿಂದ ಹೊಸ ಮನುಷ್ಯ. ವರ್ಷಗಳನ್ನು ಬೋರ್ಡ್ ಮೇಲೆ ಬರೆದರೆ ಬೇರೆಯೇ ಕಾಣುತ್ತದೆ. ಬಿರುಗಾಳಿ 1748ರ ಮಾರ್ಚಿನಲ್ಲಿ. ಅದಾದ ಮೇಲೆಯೇ ಅವನು ಗುಲಾಮರ ಹಡಗಿನ ಕ್ಯಾಪ್ಟನ್ ಆದದ್ದು. ಸಮುದ್ರ ಬಿಟ್ಟದ್ದು 1754ರಲ್ಲಿ, ಅದೂ ಕಾಯಿಲೆಯಿಂದ. ಪಾದ್ರಿಯಾದದ್ದು 1764ರಲ್ಲಿ. ಆ ವ್ಯಾಪಾರದ ವಿರುದ್ಧ ಬರೆದು, ತನ್ನ ಪಾಲನ್ನು ಒಪ್ಪಿಕೊಂಡದ್ದು 1788ರಲ್ಲಿ. ಅಷ್ಟು ವರ್ಷ ಕೃಪೆ ಏನು ಮಾಡುತ್ತಿತ್ತು ಎಂದು ಮಕ್ಕಳು ಕೇಳುತ್ತಾರೆ, ಕೇಳಲಿ. ಆಗ ಫಿಲಿಪ್ಪಿ 2:12-13 ತೆಗೆಸಿ, ಒಬ್ಬರ ಕೈಯಲ್ಲೇ ಎರಡೂ ವಚನ ಓದಿಸಿ: ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ ಎನ್ನುವುದು 12, ನಿಮ್ಮೊಳಗೆ ಕೆಲಸ ಮಾಡುವವನು ದೇವರೇ ಎನ್ನುವುದು 13. 12ಕ್ಕೆ ಮಗು ಉಸಿರು ತೆಗೆದುಕೊಳ್ಳಲು ನಿಂತರೆ, ಮುಂದೆ ಓದು ಎನ್ನಿ.