ಭಾವನ ಅಲಾರಂ ಕಾಲು ಗಂಟೆ ಮುಂಚೆ ಹೊಡೆಯಿತು

ಭಾವನ ಮೊಬೈಲಿನ ಅಲಾರಂ ಹೊಡೆದಾಗ ನನ್ನ ಕೈಗಡಿಯಾರದಲ್ಲಿ 4:45. ಅವರು ಇಟ್ಟಿದ್ದು 5 ಗಂಟೆಗೆ. ಅಷ್ಟರಲ್ಲಿ ಪಕ್ಕದ ರೂಮಿನ ಬಾಗಿಲು ಬಡಿದು ಅಮ್ಮನನ್ನೂ ದೊಡ್ಡಮ್ಮನನ್ನೂ ಎಬ್ಬಿಸಿ ಆಗಿತ್ತು. ದೊಡ್ಡಮ್ಮ ಸ್ನಾನಕ್ಕೆ ಬಕೆಟ್ ಕೇಳುತ್ತಿದ್ದರು.

"ಭಾವ, ಇನ್ನೂ ಐದಾಗಿಲ್ಲ" ಅಂದೆ.

"ನಿನ್ನ ವಾಚು ಹಿಂದೆ ಇರಬೇಕು ನೋಡೋ. ಮೊಬೈಲ್ ಸುಳ್ಳು ಹೇಳುತ್ತಾ?"

ಮೊಬೈಲ್ ಸುಳ್ಳು ಹೇಳಿರಲಿಲ್ಲ. ಅದು ನಮಗಿಂತ ಮುಂಚೆ ಗಡಿ ದಾಟಿತ್ತು, ಅಷ್ಟೆ.

ನಾವಿದ್ದದ್ದು ಸುನೌಲಿಯಲ್ಲಿ. ಉತ್ತರ ಪ್ರದೇಶದ ಮಹಾರಾಜ್‌ಗಂಜ್ ಜಿಲ್ಲೆಯ ಕೊನೆಯ ಊರು. ನಮ್ಮ ಲಾಡ್ಜ್ ಭಾರತದ ಕಡೆಗೇ ಇತ್ತು. ಆದರೆ ನೇಪಾಳದ ಗೇಟು ನಡೆದು ಹೋಗುವಷ್ಟು ಹತ್ತಿರ. ರಾತ್ರಿ ಭಾವ ಕಿಟಕಿ ಪಕ್ಕ ಫೋನ್ ಚಾರ್ಜಿಗೆ ಹಾಕಿ ಮಲಗಿದ್ದರು. ಫೋನು ಆಚೆ ಕಡೆಯ ಟವರ್ ಹಿಡಿದುಕೊಂಡಿತು. ನೇಪಾಳದ ಗಡಿಯಾರ ನಮಗಿಂತ 15 ನಿಮಿಷ ಮುಂದೆ. ಹಾಗಾಗಿ ಅಲಾರಂ ಅಲ್ಲಿನ ಐದು ಗಂಟೆಗೆ ಸರಿಯಾಗಿಯೇ ಹೊಡೆದಿತ್ತು. ತೆರೆದು ನೋಡಿದರೆ ಒಂದು ಮೆಸೇಜು: ನೇಪಾಳಕ್ಕೆ ಸ್ವಾಗತ, ನಿಮ್ಮ ಹತ್ತು ದಿನದ ರೋಮಿಂಗ್ ಪ್ಯಾಕ್ ಶುರುವಾಗಿದೆ.

ಭಾವ ಹಾಸಿಗೆ ಮೇಲೆ ಕುಸಿದು ಕೂತರು. ಹತ್ತರಲ್ಲಿ ಒಂದು ದಿನ ಭಾರತದಲ್ಲಿ ನಿದ್ದೆ ಮಾಡುತ್ತಲೇ ಖರ್ಚಾಗಿ ಹೋಗಿತ್ತು. ಕಸ್ಟಮರ್ ಕೇರ್‌ಗೆ ಬರೆದರು. ಫೋನು ವಿದೇಶದ ನೆಟ್‌ವರ್ಕ್ ಬಳಸಿದೆ, ಹಾಗಾಗಿ ಏನೂ ಮಾಡಲಾಗದು ಅಂತ ಉತ್ತರ ಬಂತು. ಫೋನ್ ಎಲ್ಲಿತ್ತು ಅನ್ನೋದು ಅವರಿಗೆ ಲೆಕ್ಕಕ್ಕಿಲ್ಲ. ಯಾವ ಟವರ್ ಹಿಡಿದಿತ್ತು ಅನ್ನೋದಷ್ಟೇ ಲೆಕ್ಕ. ಗಡಿ ಊರಿನಲ್ಲಿ ಉಳಿಯುವವರು ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಆಟೋಮ್ಯಾಟಿಕ್‌ನಿಂದ ತೆಗೆದು, ನಮ್ಮ ಕಂಪನಿಯನ್ನೇ ಕೈಯಿಂದ ಆರಿಸಿ ಇಟ್ಟುಕೊಂಡರೆ ಈ ತಾಪತ್ರಯ ಇಲ್ಲ. ಇದು ನಮಗೆ ಗೊತ್ತಾಗಿದ್ದು ಆ ಬೆಳಗ್ಗೆ, ಅಲಾರಂ ಹೊಡೆದ ಮೇಲೆ.

ಇದು 2024ರ ನವೆಂಬರ್ ಮಾತು. ದೊಡ್ಡಮ್ಮನಿಗೆ ನೇಪಾಳದ ಮುಕ್ತಿನಾಥ ನೋಡಬೇಕು ಅಂತ ಬಹಳ ವರ್ಷದ ಆಸೆ. ಅವರ ಮನೆಯ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮಗಳು ಅಲ್ಲಿನ ಗಂಡಕಿ ನದಿಯವು. ದಿನಾ ಪೂಜೆ ಮಾಡುವ ಕಲ್ಲಿನ ತವರು ನೋಡದೆ ಹೇಗೆ ಸಾಯಲಿ ಅನ್ನೋದು ಅವರ ವಾದ. ಯಶವಂತಪುರದಿಂದ ಗೋರಖಪುರಕ್ಕೆ ನೇರ ರೈಲು ಹಿಡಿದೆವು. ಗೋರಖಪುರದ್ದು ಒಂದು ಕಾಲಕ್ಕೆ ಪ್ರಪಂಚದ ಅತಿ ಉದ್ದದ ಪ್ಲಾಟ್‌ಫಾರಂ, 1,366 ಮೀಟರ್. 2023ರಲ್ಲಿ ನಮ್ಮ ಹುಬ್ಬಳ್ಳಿ 1,507 ಮೀಟರ್ ಕಟ್ಟಿ ಆ ಹೆಸರು ಕಿತ್ತುಕೊಂಡಿತು. ಸೂಟ್‌ಕೇಸ್ ಎಳೆದುಕೊಂಡು ನಡೆಯುವವರಿಗೆ ಇದರಿಂದ ಏನೂ ಸಮಾಧಾನ ಇಲ್ಲ ಬಿಡಿ. ಅಲ್ಲಿಂದ ಸುನೌಲಿಗೆ ಬಸ್ಸಿನಲ್ಲಿ ಸುಮಾರು ಮೂರು ಗಂಟೆ.

ಫೋನಿನ ವಿಷಯದಲ್ಲಿ ನನಗೂ ಭಾವನಿಗೂ ಊರು ಬಿಡುವ ಮೊದಲೇ ಜಗಳ ಆಗಿತ್ತು. ಅವರದು ಒಂದೇ ಮಾತು. "ಸುಮ್ನೆ ರೋಮಿಂಗ್ ಹಾಕಿಸ್ಕೊ. ಅದೇ ನಂಬರು, ತಲೆನೋವಿಲ್ಲ." ನಾನು ಲೆಕ್ಕ ಹಾಕಿ ನೋಡಿದ್ದೆ. ಒಬ್ಬರಿಗೆ 1,000 ರೂಪಾಯಿ ದಾಟುತ್ತಿತ್ತು. ನಾಲ್ಕು ಜನರಿಗೆ ಅಂದರೆ ಮುಕ್ತಿನಾಥಕ್ಕೆ ಹೋಗುವ ಜೀಪಿನ ಒಂದು ದಿನದ ಬಾಡಿಗೆ ಹತ್ತಿರಕ್ಕೆ ಬರುತ್ತೆ. ಅಮ್ಮನಿಗೆ ಬೇಕಿರೋದು ದಿನಕ್ಕೊಂದು ಸಲ ನನ್ನ ಅಕ್ಕನ ಮುಖ ನೋಡೋದು. ದೊಡ್ಡಮ್ಮನಿಗೆ ಅದೂ ಬೇಡ, ಫೋಟೋ ಕಳಿಸಿದರೆ ಸಾಕು. ಇವರಿಬ್ಬರಿಗೆ ರೋಮಿಂಗ್ ಪ್ಯಾಕ್ ಯಾಕೆ? ಅಲ್ಲಿನ ಒಂದು ಸಿಮ್ ತಗೊಂಡು ಹಾಟ್‌ಸ್ಪಾಟ್ ಕೊಟ್ಟರಾಯಿತು ಅಂತ ನನ್ನ ಹಟ. ಕೊನೆಗೆ ಭಾವ ತಮಗೊಂದು ಪ್ಯಾಕ್ ಹಾಕಿಸಿಕೊಂಡರು. ನಾನು ಖಾಲಿ ಸ್ಲಾಟ್ ಇಟ್ಟುಕೊಂಡು ಹೊರಟೆ.

ಗೇಟ್ ದಾಟೋದು ಮಾತ್ರ ಸಲೀಸು. ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಇದ್ದರೆ ಆಯಿತು. ಜನ ಸೈಕಲ್ ತಳ್ಳಿಕೊಂಡು, ತರಕಾರಿ ಚೀಲ ಹೊತ್ತು, ಪಕ್ಕದ ಬೀದಿಗೆ ಹೋದ ಹಾಗೆ ಹೋಗುತ್ತಿದ್ದರು. ಆಚೆ ಕಡೆ ಬೇಲಹಿಯಾ. ಎರಡೂ ಕಡೆ ಅದೇ ಅಂಗಡಿ, ಅದೇ ಧೂಳು, ಹಾರ್ನ್ ಕೂಡ ಅದೇ.

ಗೇಟಿನ ಪಕ್ಕದಲ್ಲೇ ಒಬ್ಬ ಹುಡುಗ ಸಿಮ್ ಮಾರುತ್ತಿದ್ದ. "ಲೇಲೋ ಸಾಬ್, ಚಾಲೂ ಸಿಮ್, ಕಾಗಜ್ ನಹೀಂ ಚಾಹಿಯೇ." ದಾಖಲೆ ಬೇಡ, ಫೋಟೋ ಬೇಡ, ಹಾಕಿದ ಕೂಡಲೇ ಸಿಗ್ನಲ್. ನಾನು ಪರ್ಸ್ ತೆಗೆದೇಬಿಟ್ಟಿದ್ದೆ. ಹಿಂದಿ ಅಷ್ಟಾಗಿ ಬಾರದ ದೊಡ್ಡಮ್ಮ ಏನಂತೆ ಅಂತ ಕೇಳಿದರು. ಹೇಳಿದೆ.

"ನಿನ್ನ ಹೆಸರೇ ಕೇಳದೆ ಕೊಡ್ತಾನಲ್ಲೋ. ಹಂಗಾದ್ರೆ ಇದು ಯಾರ ಹೆಸರಲ್ಲಿದೆ?"

ಪರ್ಸ್ ಒಳಗೆ ಹೋಯಿತು.

ಇ-ರಿಕ್ಷಾ ಹಿಡಿದು ಭೈರಹವಾ ಊರೊಳಗೆ ಹೋದೆವು. ಈಗ ಅದರ ಸರ್ಕಾರಿ ಹೆಸರು ಸಿದ್ಧಾರ್ಥನಗರ, ಆದರೆ ರಿಕ್ಷಾದವರ ಬಾಯಲ್ಲಿ ಇನ್ನೂ ಭೈರಹವಾನೇ. ನೇಪಾಳದಲ್ಲಿ ಮುಖ್ಯವಾಗಿ ಎರಡೇ ಕಂಪನಿ. ನೇಪಾಳ್ ಟೆಲಿಕಾಂ, ಅಂದರೆ ಅಲ್ಲಿನ ಬಿಎಸ್‌ಎನ್‌ಎಲ್ ಅಂದುಕೊಳ್ಳಿ. ಇನ್ನೊಂದು ಎನ್‌ಸೆಲ್, ಖಾಸಗಿ, ಎಲ್ಲ ಅಂಗಡಿ ಬೋರ್ಡೂ ನೇರಳೆ ಬಣ್ಣ. ಯಾವುದು ತಗೊಳ್ಳೋದು? ಜೀಪಿನ ಡ್ರೈವರ್ ಕೇಳಿದ್ದು ಒಂದೇ: "ಎಲ್ಲಿಗೆ ಹೋಗ್ತೀರಿ?" ಪೋಖರಾ, ಕಾಠ್ಮಂಡು ಮಾತ್ರ ಆದರೆ ಎನ್‌ಸೆಲ್ ಚೆನ್ನ, ಮುಕ್ತಿನಾಥ ಇರುವ ಮುಸ್ತಾಂಗ್ ಕಡೆ ಹತ್ತುವುದಾದರೆ ಟೆಲಿಕಾಂ ಅಂದ. ರೇಟ್ ನೋಡುವ ಮೊದಲು ದಾರಿ ನೋಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಸಿಗ್ನಲ್ ಇಲ್ಲದ ಜಾಗದಲ್ಲಿ ಅಗ್ಗದ ಡೇಟಾ ಇಟ್ಕೊಂಡು ಏನು ಮಾಡೋದು, ಅಲ್ವಾ?

ಟೆಲಿಕಾಂ ಕೌಂಟರ್‌ನಲ್ಲಿ ಅರ್ಜಿ ಕೊಟ್ಟರು. ಪಾಸ್‌ಪೋರ್ಟ್ ಜೆರಾಕ್ಸ್, ಒಂದು ಫೋಟೋ, ಹೆಬ್ಬೆಟ್ಟಿನ ಗುರುತು. ನಮ್ಮ ನಾಲ್ವರಲ್ಲಿ ಪಾಸ್‌ಪೋರ್ಟ್ ಇದ್ದವನು ನಾನೊಬ್ಬನೇ, ಹಾಗಾಗಿ ನನ್ನ ಹೆಸರಲ್ಲೇ. ಅಪ್ಪನ ಹೆಸರು ಬರೆದೆ. ಅದರ ಕೆಳಗೆ ಅಜ್ಜನ ಹೆಸರು! ಸಿಮ್ ಕಾರ್ಡಿಗೆ ಅಜ್ಜನ ಹೆಸರು ಯಾಕೆ ಅಂತ ನಾನು ತಲೆ ಕೆರೆದುಕೊಂಡರೆ ದೊಡ್ಡಮ್ಮನಿಗೆ ಭಾರಿ ಖುಷಿ. "ನೋಡು, ಇದು ದೇಶ. ಗೋತ್ರ ಕೇಳಿಲ್ವಾ?" ರಸೀದಿಯಲ್ಲಿ ವರ್ಷ 2081 ಅಂತಿತ್ತು. ಅವರದು ವಿಕ್ರಮ ಸಂವತ್. ಗಡಿಯಾರದಲ್ಲಿ ಕಾಲು ಗಂಟೆ ಮುಂದೆ, ಕ್ಯಾಲೆಂಡರಿನಲ್ಲಿ 57 ವರ್ಷ ಮುಂದೆ.

ಸಿಮ್ಮು, ಡೇಟಾ ಪ್ಯಾಕು ಎಲ್ಲ ಸೇರಿ ನಮ್ಮ ದುಡ್ಡಲ್ಲಿ 500 ರೂಪಾಯಿ ಒಳಗೇ ಮುಗಿಯಿತು. ಲೆಕ್ಕ ಸುಲಭ. ನಮ್ಮ 100 ರೂಪಾಯಿಗೆ ಅವರ 160. ಬೋರ್ಡಿನ ಬೆಲೆ ನೋಡಿ ಗಾಬರಿ ಆಗೋದು ಬೇಡ, ಆದರೆ ಅದರ ಮೇಲೆ ತೆರಿಗೆ ಇದೆಯಾ ಅಂತ ಕೇಳಬೇಕು. ನಾನು ಕೇಳದೆ ಮೊದಲ ದಿನ ಚಿಲ್ಲರೆಗೆ ಪರದಾಡಿದೆ. ಬ್ಯಾಲೆನ್ಸ್ ನೋಡಲು ಸ್ಟಾರ್ 400 ಹ್ಯಾಶ್. ಕೌಂಟರಿನ ಹುಡುಗಿ ಅದನ್ನು ಬಾಯಿಪಾಠ ಮಾಡಿಸಿಯೇ ಬಿಟ್ಟಳು.

ನನ್ನ ಭಾರತದ ಸಿಮ್ ಮಾತ್ರ ತೆಗೆಯಲಿಲ್ಲ. ಮೊದಲ ಸ್ಲಾಟಿನಲ್ಲಿ ಅದು, ಎರಡನೆಯದರಲ್ಲಿ ನೇಪಾಳದ್ದು. ಊರಲ್ಲೇ ರೋಮಿಂಗ್ ಆನ್ ಮಾಡಿಸಿ, ಅದರ ಡೇಟಾ ಬಂದ್ ಮಾಡಿಟ್ಟಿದ್ದೆ. ಕರೆ ಬಂದರೆ ಎತ್ತುತ್ತಿರಲಿಲ್ಲ, ಎತ್ತಿದರೆ ದುಡ್ಡು. ಆದರೆ ಬರುವ ಮೆಸೇಜಿಗೆ ದುಡ್ಡಿಲ್ಲ, ಬ್ಯಾಂಕಿನ ಒಟಿಪಿ ಬರುತ್ತಲೇ ಇತ್ತು. ವಾಟ್ಸಾಪ್ ಕೂಡ ಹಳೇ ನಂಬರಿನಲ್ಲೇ ನಡೆಯಿತು. ಅದಕ್ಕೆ ಯಾವ ಸಿಮ್ಮಿನ ಇಂಟರ್ನೆಟ್ ಆದರೂ ಸರಿ.

ಸಿಮ್ ಉಳಿಸಿಕೊಂಡಿದ್ದರ ಲಾಭ ಗೊತ್ತಾಗಿದ್ದು ಪೋಖರಾದಲ್ಲಿ. ಫೇವಾ ಕೆರೆ ದಂಡೆಯ ಅಂಗಡಿಯಲ್ಲಿ ಅಮ್ಮ ಒಂದು ಶಾಲು ಆರಿಸಿದರು. ನಮ್ಮ ಹತ್ತಿರ ನೇಪಾಳಿ ನೋಟು ಕಡಿಮೆ. ನಮ್ಮ ದೇಶದ 500ರ ನೋಟು ಅಂಗಡಿಯವರು ಮುಟ್ಟುತ್ತಿರಲಿಲ್ಲ, 100ರದ್ದು ಮಾತ್ರ ಓಡುತ್ತಿತ್ತು. ಅಂಗಡಿ ಮೇಜಿನ ಮೇಲೆ ಫೋನ್‌ಪೇ ಅಂತ ಕ್ಯೂಆರ್ ಕೋಡ್ ಕಂಡಿತು. ನಮ್ಮ ಫೋನ್‌ಪೇ ಅಲ್ಲ, ಹೆಸರು ಒಂದೇ ಥರ ಕೇಳಿಸಿದರೂ ಇದು ಅಲ್ಲಿನದೇ ಬೇರೆ ಕಂಪನಿ. 2024ರ ಮಾರ್ಚ್‌ನಿಂದ ನಮ್ಮ ಯುಪಿಐಯಲ್ಲಿ ಅದಕ್ಕೆ ದುಡ್ಡು ಕಟ್ಟಬಹುದು. ಆಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿ ಆನ್ ಮಾಡಿ ಸ್ಕ್ಯಾನ್ ಮಾಡಿದೆ, ಹೋಯಿತು. ಯುಪಿಐ ಆಪ್ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಜೊತೆ ಕಟ್ಟಿಹಾಕಿರುತ್ತೆ. ಆ ಸಿಮ್ ಕಳಚಿ ಡಬ್ಬಿಯಲ್ಲಿ ಹಾಕಿದ್ದಿದ್ದರೆ ಶಾಲು ಅಂಗಡಿಯಲ್ಲೇ ಉಳಿಯುತ್ತಿತ್ತೋ ಏನೋ.

ಒಂದು ಕಡೆ ಎಡವಿದೆ. ಅಮ್ಮನ ಫೋನಿಗೆ ರೋಮಿಂಗ್ ಹಾಕಿಸಿರಲಿಲ್ಲ. ಗಡಿ ದಾಟಿ ಸ್ವಲ್ಪ ದೂರ ಬಂದ ಮೇಲೆ ಅದು ಸತ್ತೇ ಹೋಯಿತು, ನನ್ನ ಹಾಟ್‌ಸ್ಪಾಟ್ ಸಿಕ್ಕಾಗ ಮಾತ್ರ ಜೀವ. ಎರಡನೇ ದಿನ ಚಿಕ್ಕಪ್ಪ ಮಾಮೂಲಿ ಕರೆ ಮಾಡಿದ್ದಾರೆ. ಸ್ವಿಚ್ ಆಫ್. ಸಂಜೆವರೆಗೂ ಸ್ವಿಚ್ ಆಫ್. ಪರ್ವತ, ಜೀಪು, ಪ್ರಪಾತ ಅಂತ ಟಿವಿಯಲ್ಲಿ ನೋಡಿದ್ದೆಲ್ಲ ನೆನಪಾಗಿ ಮೂರು ಮನೆಗೆ ಫೋನ್ ಮಾಡಿ ಎಲ್ಲರ ನಿದ್ದೆ ಕೆಡಿಸಿದ್ದಾರೆ. ಹೊರಡುವ ಮೊದಲು "ವಾಟ್ಸಾಪ್‌ನಲ್ಲೇ ಮಾಡಿ" ಅಂತ ಒಂದು ಮಾತು ಹೇಳಿದ್ದರೆ ಖರ್ಚೇ ಇಲ್ಲದೆ ಮುಗಿಯುತ್ತಿತ್ತು.

ಪೋಖರಾದಿಂದ ಮೇಲೆ ಬೇನಿ, ತಾತೋಪಾನಿ, ಘಾಸಾ. ರಸ್ತೆ ಅಂತ ಕರೆಯೋದು ಅದರ ಮೇಲಿನ ಪ್ರೀತಿಯಿಂದ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ಕಾಳಿ ಗಂಡಕಿ, ಬೂದಿ ಕಲಸಿದ ಹಾಗೆ ನೀರು. ಆ ಕಣಿವೆಯಲ್ಲಿ ಭಾವನ ಫೋನು ಗಂಟೆಗಟ್ಟಲೆ ಸುಮ್ಮನಿತ್ತು. ನನ್ನದರಲ್ಲಿ ಒಂದು ಕಡ್ಡಿ, ಎರಡು ಕಡ್ಡಿ ಬಂದು ಹೋಗುತ್ತಿತ್ತು. ಡ್ರೈವರ್ ಹೇಳಿದ್ದು ನಿಜವಾಯಿತು. ಭಾವ ಅದನ್ನು ಬಾಯಿಬಿಟ್ಟು ಒಪ್ಪಲಿಲ್ಲ. "ಬೆಟ್ಟದಲ್ಲಿ ಫೋನ್ ಯಾಕೋ, ಪ್ರಕೃತಿ ನೋಡು" ಅಂದರು.

ಕಾಗಬೇನಿ ಹತ್ತಿರ ನದಿಗೆ ಇಳಿದೆವು. ಗಾಳಿಗೆ ನಿಲ್ಲೋಕಾಗುತ್ತಿರಲಿಲ್ಲ. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಪ್ಪು ಕಲ್ಲುಗಳ ನಡುವೆ ಕೂತು ಒಂದೊಂದೇ ತಿರುಗಿಸಿ ನೋಡಿದರು. ತುಂಬಾ ಹೊತ್ತು. ನಾವು ಯಾರೂ ಮಾತಾಡಲಿಲ್ಲ. ಮರುದಿನ ಮುಕ್ತಿನಾಥದಲ್ಲಿ, 3,700 ಮೀಟರ್‌ಗಿಂತ ಎತ್ತರದ ಚಳಿಯಲ್ಲಿ, 108 ಧಾರೆಗಳ ಕೆಳಗೂ ಓಡಿದರು. ನಾನು ಹನ್ನೆರಡಕ್ಕೇ ಸೋತೆ. ಒದ್ದೆ ಸೀರೆಯಲ್ಲೇ ನನ್ನ ಫೋನ್ ಕೇಳಿದರು. ಫೋಟೋ ಸಾಕು ಅಂದಿದ್ದವರು ಊರಿಗೆ ವಿಡಿಯೋ ಕಾಲ್ ಮಾಡಿ, ಮೊಮ್ಮಗಳಿಗೆ ಹಿಮ ತೋರಿಸಿ, "ಪುಟ್ಟಿ, ಕಾಣ್ತಾ? ಕಾಣ್ತಾ?" ಅಂತ ಕೂಗಿದರು. ಕಂಡಿತು. ಸ್ವಲ್ಪ ನಿಂತು ನಿಂತು ಕಂಡಿತು.

ಕಾಠ್ಮಂಡುವಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಶುಪತಿನಾಥನ ಗರ್ಭಗುಡಿಯ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯವರು ಅಂತ ಅಮ್ಮನಿಗೆ ಗೊತ್ತಿತ್ತು. ಒಂದು ಕನ್ನಡ ಮಾತಾದರೂ ಆಡಬೇಕು ಅಂತ ಸಾಲಿನಲ್ಲಿ ನಿಂತರು, ನೂಕಿನಲ್ಲಿ "ನಮಸ್ಕಾರ" ಅನ್ನುವಷ್ಟರಲ್ಲಿ ಹೊರಗೆ ಬಂದಿದ್ದರು. ಆ ಕಾಲು ಗಂಟೆಯ ಗುಟ್ಟು ಮಾತ್ರ ಅಲ್ಲೇ ಗೊತ್ತಾಯಿತು. ಗೌರೀಶಂಕರ ಪರ್ವತದ ಮೇಲೆ ಹಾಯುವ ರೇಖಾಂಶಕ್ಕೆ ಅವರು ಗಡಿಯಾರ ಹೊಂದಿಸಿಕೊಂಡಿದ್ದಾರಂತೆ. 1986ಕ್ಕೆ ಮೊದಲು ಅವರಿಗೂ ನಮ್ಮ ಟೈಮೇ ಇತ್ತು.

ಕೊನೆಯ ದಿನ ಕಾಠ್ಮಂಡುವಿನಿಂದ ಸುನೌಲಿಗೆ ವಾಪಸ್. ಮುಗ್ಲಿಂಗ್‌ನಲ್ಲಿ ಊಟಕ್ಕೆ ನಿಂತಾಗ ಭಾವ ಫೋನನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿದರು. ಆಮೇಲೆ ಏರೋಪ್ಲೇನ್ ಮೋಡ್. ಆಮೇಲೆ ಸಿಮ್ ತೆಗೆದು ಒರೆಸಿ ಹಾಕಿದರು. ಹಿಂದಿನ ರಾತ್ರಿಗೇ ಹತ್ತು ದಿನ ಮುಗಿದಿತ್ತು. ಸುನೌಲಿಯಲ್ಲಿ ನಿದ್ದೆಯಲ್ಲಿ ಕಳೆದುಕೊಂಡ ದಿನ ಇಲ್ಲಿ ಬೇಕಾಗಿತ್ತು.

ನಾನು ಏನೂ ಹೇಳಲಿಲ್ಲ. ಅಮ್ಮ ಹೇಳಿದರು. "ಅಳಿಯಂದ್ರಿಗೂ ಆ ಪಾಸ್‌ವರ್ಡ್ ಕೊಡೋ."

ಸಂಜೆ ಅದೇ ಲಾಡ್ಜು, ಅದೇ ರೂಮು. ಭಾರತಕ್ಕೆ ಬಂದಾಗಿತ್ತು. ನನ್ನ ನೇಪಾಳದ ಸಿಮ್ಮಿನಲ್ಲಿ ಇನ್ನೂ ಡೇಟಾ ಉಳಿದಿತ್ತು. ಕಿಟಕಿ ಪಕ್ಕಕ್ಕೆ ಹೋದೆ. ಮೂರು ಕಡ್ಡಿ. ಕುರ್ಚಿ ಎಳೆದುಕೊಂಡು ಕೂತು, ಕಾಳಿ ಗಂಡಕಿಯ ಫೋಟೋಗಳನ್ನೆಲ್ಲ ಒಂದೊಂದಾಗಿ ಊರಿಗೆ ಕಳಿಸತೊಡಗಿದೆ. ಭಾವ ಬಂದು ಹಿಂದೆ ನಿಂತರು. ಬೆಳಗ್ಗೆ ಗೋರಖಪುರದ ಬಸ್ಸಿಗೆ ಐದಕ್ಕೆ ಏಳಬೇಕಿತ್ತು.

"ಅಲಾರಂ ನಿನ್ನ ಫೋನಲ್ಲಿ ಇಡಬೇಡ" ಅಂದರು. "ವಾಚು ಇಲ್ಲಿ ಕೊಡು."